ಜಾರು ಯಾರಿಗೆ?

ಇವತ್ತು ಮೋಹನ ರಾಗದ ಒಂದು ಹಳೇ ದೇವರನಾಮವನ್ನು ಹಿತ್ತಾಳೆ ವಾದ್ಯಗಳಿಗೆ ಬರೆಯುತ್ತಾ ಕೂತಿದ್ದೆ. ಎರಡು ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಟ್ಯೂಬಾ.

ಪಲ್ಲವಿಯಲ್ಲಿ ಗಾಂಧಾರದಿಂದ ಪಂಚಮಕ್ಕೆ ಒಂದು ಜಾರು, ಅಂದರೆ ನಡುವೆ ಕಡಿಯದೆ ಸ್ವರದಿಂದ ಸ್ವರಕ್ಕೆ ಜಾರಿಹೋಗುವುದು. ಅಲ್ಲೇ ನಿಂತುಬಿಟ್ಟೆ.

ಹಾಡಿನ ಜೀವವೇ ಅದು, ಅಲ್ವಾ?

ಟ್ರಂಪೆಟ್‌ಗೆ ಇರುವುದು ಮೂರು ವಾಲ್ವ್. ಒತ್ತಿದರೆ ಸ್ವರದಿಂದ ಸ್ವರಕ್ಕೆ ಹಾರುತ್ತದೆ. ಟ್ರಾಂಬೋನ್‌ಗೆ ಸ್ಲೈಡ್ ಇದೆ. ವೀಣೆಯ ತಂತಿ ಎಳೆದ ಹಾಗೆ, ನಡುವಿನ ದಾರಿಯೆಲ್ಲ ಕೇಳುತ್ತದೆ. ಷಡ್ಜವನ್ನು ಪಾಶ್ಚಾತ್ಯ ಸ್ವರ ಬಿ ಫ್ಲ್ಯಾಟ್‌ಗೆ ಇಟ್ಟರೆ ಇನ್ನೂ ಚಂದ. ಆಗ ಈ ಜಾರಿಗೆ ಸ್ಲೈಡಿನ ನಾಲ್ಕನೇ ಪೊಸಿಷನ್‌ನಿಂದ ಮೊದಲನೆಯದಕ್ಕೆ ಒಂದೇ ಎಳೆತ, ಒಂದೇ ಉಸಿರು.

ರಾಗ ಅಂದರೆ ಟ್ರಂಪೆಟ್‌ಗೇ ಕೊಡಬೇಕು ಅನ್ನುವವರು ಜಾಸ್ತಿ. ನನಗೆ ಒಪ್ಪಿಗೆ ಇಲ್ಲ. ಜಾರು ಬಲ್ಲವರಿಗೇ ಪಲ್ಲವಿ ಸಿಗಲಿ. ಟ್ರಂಪೆಟ್‌ಗಳು ಸದ್ಯಕ್ಕೆ ಸುಮ್ನೆ ಷಡ್ಜ ಹಿಡಿಯಲಿ, ಚರಣದಲ್ಲಿ ಅವರ ಸರದಿ.