ಮೋಫೆನ್ ದ್ವೀಪ: ಇಳಿಯುವ ಹಾಗಿಲ್ಲ, ಆದರೂ ಹೋಗಿ

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ಗೆ ಹಡಗು ಬುಕ್ ಮಾಡುವವರು ಇದನ್ನು ಮೊದಲೇ ತಿಳಿದುಕೊಳ್ಳಿ. ಅಲ್ಲಿನ ಪುಟ್ಟ ದ್ವೀಪ ಮೋಫೆನ್ ಮೇಲೆ ಕಾಲಿಡಲು ಆಗುವುದಿಲ್ಲ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಅಲ್ಲಿಗೆ ಯಾರಿಗೂ ಪ್ರವೇಶವಿಲ್ಲ, ದೋಣಿಗಳೂ ದೂರದಲ್ಲೇ ನಿಲ್ಲಬೇಕು. ಪ್ರವಾಸಿಗಳು ಹೋಗುವುದೂ ಹೆಚ್ಚಾಗಿ ಆ ತಿಂಗಳುಗಳಲ್ಲೇ ಅಲ್ವಾ? ಆದರೂ ನನಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದ ಜಾಗ ಇದೇ.

ವೀಸಾ ವಿಷಯದಲ್ಲಿ ಹುಷಾರು. ಸ್ವಾಲ್ಬಾರ್ಡ್‌ಗೆ ವೀಸಾ ಬೇಕಿಲ್ಲ, ಆದರೆ ನಾರ್ವೆ ಮೂಲಕವೇ ಹೋಗಬೇಕು, ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ನಾರ್ವೆ ಷೆಂಗೆನ್‌ನಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಸ್ವಾಲ್ಬಾರ್ಡ್ ಅದರ ಗಡಿಯ ಹೊರಗಿದೆ, ಹಾಗಾಗಿ ನಮ್ಮ ಪಾಸ್‌ಪೋರ್ಟಿಗೆ ಎರಡು ಸಲ ಒಳಬರಲು ಅನುಮತಿ ಇರುವ ಷೆಂಗೆನ್ ವೀಸಾ ಬೇಕು.

ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬೆನ್‌ನಿಂದ ಉತ್ತರಕ್ಕೆ ಹೋಗುವಾಗ ದಾರಿಯುದ್ದಕ್ಕೂ ಚೂಪು ಬೆಟ್ಟಗಳು, ಸಮುದ್ರಕ್ಕೆ ಇಳಿಯುವ ಹಿಮನದಿಗಳು. 80 ಡಿಗ್ರಿ ಅಕ್ಷಾಂಶ ದಾಟಿದ ಕೂಡಲೇ ಮೋಫೆನ್. ಅಲ್ಲಿ ಬೆಟ್ಟ ಹುಡುಕಬೇಡಿ. ಸುಮಾರು 5 ಚದರ ಕಿಲೋಮೀಟರಿನ ಈ ದ್ವೀಪ ನೀರಿನಿಂದ ಮೇಲಿರುವುದು ಕೆಲವೇ ಮೀಟರ್, ದೂರದಿಂದ ನೋಡಿದರೆ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗೆ. ಮಂಜು ಕವಿದರೆ ಅದೂ ಕಾಣುವುದಿಲ್ಲ.

ನಕ್ಷೆಯಲ್ಲಿ ನೋಡಿ ಹೋಗಿ, ಡೆಕ್‌ನಿಂದ ಇದರ ಆಕಾರ ಗೊತ್ತಾಗುವುದಿಲ್ಲ. ದಪ್ಪ ಕೋಡುಬಳೆಯ ಹಾಗೆ ಸುತ್ತ ಗುಂಡುಕಲ್ಲಿನ ದಂಡೆ, ನಡುವೆ ಆಳವಿಲ್ಲದ ಕೊಳ. ಅಲೆಗಳು ಕಲ್ಲುಗಳನ್ನು ತಂದು ಸಾಲು ಸಾಲಾಗಿ ಒಟ್ಟಿವೆ. ಹಿಮಯುಗದ ಮಂಜುಗಡ್ಡೆ ಕರಗಿ ಭಾರ ಇಳಿದ ಮೇಲೆ ಇಲ್ಲಿನ ನೆಲ ಮೆಲ್ಲಗೆ ಮೇಲೇಳುತ್ತಾ ಬಂದಿದೆ, ಹಾಗಾಗಿ ಒಂದೊಂದು ಸಾಲೂ ಒಂದು ಕಾಲದ ಕಡಲ ದಡ.

ಈ ದಂಡೆ ವಾಲ್ರಸ್‌ಗಳದ್ದು, ಅಂದರೆ ಉದ್ದ ದಂತಗಳಿರುವ, ಸೀಲ್‌ಗಳನ್ನು ಹೋಲುವ ದೊಡ್ಡ ಕಡಲ ಪ್ರಾಣಿಗಳದ್ದು. ಸುತ್ತಲಿನ ಸಮುದ್ರ ಆಳ ಕಡಿಮೆ, ತಳದಲ್ಲಿ ಅವುಗಳ ಊಟವಾದ ಕಪ್ಪೆಚಿಪ್ಪು ಸಿಗುತ್ತದೆ. ಬೇಟೆಗಾರರು ಇವನ್ನು ಇಲ್ಲಿ ಹೆಚ್ಚುಕಮ್ಮಿ ಮುಗಿಸಿಯೇಬಿಟ್ಟಿದ್ದರು. 1952ರಲ್ಲಿ ಬೇಟೆ ನಿಷೇಧವಾದ ಮೇಲೆ ನಿಧಾನವಾಗಿ ಮರಳಿ ಬಂದಿವೆ. ಅದಕ್ಕೇ ಅಷ್ಟು ಕಟ್ಟುನಿಟ್ಟು, ಅದು ಇರಲೇಬೇಕು.

ಒಳ್ಳೆಯ ಬೈನಾಕ್ಯುಲರ್ ತಗೊಳ್ಳಿ, ಮೊಬೈಲ್ ಕ್ಯಾಮೆರಾ ಸಾಲದು. ಮೊದಲು ನನಗೆ ಕಂಡದ್ದು ಕಂದು ಬಂಡೆಗಳ ರಾಶಿ. ಆಮೇಲೆ ಒಂದು ಬಂಡೆ ಈಜುರೆಕ್ಕೆ ಎತ್ತಿ ಕತ್ತು ಕೆರೆದುಕೊಂಡಿತು! ಆಗಷ್ಟೇ ನೀರಿನಿಂದ ಬಂದದ್ದು ಬಿಳಿಚಿಕೊಂಡಿತ್ತು, ಬಿಸಿಲಿಗೆ ಬಿದ್ದುಕೊಂಡಿದ್ದವು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಚಳಿ ನೀರಿನಲ್ಲಿ ಚರ್ಮದಿಂದ ರಕ್ತ ಒಳಗೆ ಸರಿಯುತ್ತದಂತೆ, ಮೈ ಬೆಚ್ಚಗಾದರೆ ಮತ್ತೆ ಮೇಲೆ ಬರುತ್ತದೆ.

ಹಡಗು ಅಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಎಷ್ಟು ಗಂಟೆಗೆ ತಲುಪುತ್ತದೆ ಎಂದು ಗೈಡ್ ಹತ್ತಿರ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆ ಎಂದರೂ ಎದ್ದು ಹೋಗಿ, ಜುಲೈನಲ್ಲಿ ಆ ಹೊತ್ತಿಗೂ ಸೂರ್ಯ ಮುಳುಗಿರುವುದಿಲ್ಲ.