ಎರಡು ಸರ್ವರ್ ಒಟ್ಟಿಗೇ ನಿಂತರೆ: ಡೊಂಬಿವಲಿ ಲೈಬ್ರರಿ ಪ್ರಾಜೆಕ್ಟ್, ಜೂನ್ ತಿಂಗಳ ಟಿಪ್ಪಣಿ

ಜೂನ್ 14

ಈ ವಾರ ಹೊಸ ಸ್ಕ್ಯಾನ್ ಒಂದೂ ಏರಿಸಿಲ್ಲ. ಸರ್ವರ್‌ಗಳು ಕೈಕೊಡುತ್ತಿವೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಡೊಂಬಿವಲಿಯ ನಮ್ಮ ಪುಟ್ಟ ಕನ್ನಡ ಲೈಬ್ರರಿಯಲ್ಲಿ ಮುಂಬೈಯ ಹಳೆಯ ರಾತ್ರಿ ಶಾಲೆಗಳ ಸ್ಮರಣ ಸಂಚಿಕೆಗಳಿವೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪಾಠಕ್ಕೆ ಕೂತ ಹುಡುಗರು ಬರೆದ ಕವಿತೆ, ಪ್ರಬಂಧ, ಊರಿನ ನೆನಪು. ಕಾಗದ ಮುಟ್ಟಿದರೆ ಪುಡಿಯಾಗುತ್ತಿದೆ. ಅದಕ್ಕೇ ಸ್ಕ್ಯಾನ್ ಮಾಡಿ ಇಡುತ್ತಿದ್ದೇವೆ. ಒಳಕೋಣೆಯಲ್ಲಿ ಎರಡು ಹಳೆ ಡೆಸ್ಕ್‌ಟಾಪ್: ಒಂದರಲ್ಲಿ ವೆಬ್ ಪುಟ ಕಳಿಸುವ ಎಂಜಿನ್‌ಎಕ್ಸ್ ಮತ್ತು ಪುಟ ಕಟ್ಟುವ ಪಿಎಚ್‌ಪಿ, ಇನ್ನೊಂದರಲ್ಲಿ ಮಾರಿಯಾಡಿಬಿ ಎಂಬ ಡೇಟಾಬೇಸ್. ಇವೇ ನಮ್ಮ ಎರಡು ಸರ್ವರ್. ಪುಟಗಳ ಚಿತ್ರಗಳೆಲ್ಲ ಆಚೆ ಹಾಲ್‌ನ ಕಪಾಟಿನ ಮೇಲಿರುವ ನಾಸ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ಡಿಸ್ಕ್ ಪೆಟ್ಟಿಗೆಯಲ್ಲಿ.

ಮೂರು ವರ್ಷ ತಕರಾರಿಲ್ಲದೆ ನಡೆದಿತ್ತು. ಈಗ ದಿನಕ್ಕೆ ನಾಲ್ಕೈದು ಸಲ ಎರಡೂ ಒಟ್ಟಿಗೇ ನಿಲ್ಲುತ್ತಿವೆ. ಯಂತ್ರ ಎಚ್ಚರವಿದೆಯೇ ಎಂದು ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಪುಟ ಮಾತ್ರ ತೆರೆಯುವುದಿಲ್ಲ. ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ತಗೊಂಡು ಅಲ್ಲೇ ನಿಲ್ಲುತ್ತದೆ. ಮೂರು ನಾಲ್ಕು ನಿಮಿಷ ಕಳೆದರೆ ಏನೂ ಆಗಿಲ್ಲ ಎಂಬಂತೆ ಎಲ್ಲ ಸರಿ. ಲೈಬ್ರರಿ ನೋಡಿಕೊಳ್ಳುವ ಮೇಷ್ಟ್ರು ಇವತ್ತು ಮೂರು ಸಲ ಫೋನ್ ಮಾಡಿದರು. "ಮತ್ತೆ ನಿಂತಿತಲ್ಲ ಮಾರಾಯ!"

ಜೂನ್ 17, ರಾತ್ರಿ

ಮೊದಲ ಅನುಮಾನ ಡೇಟಾಬೇಸ್ ಮೇಲೆ. ಮಾರಿಯಾಡಿಬಿಯಲ್ಲಿ ಡೇಟಾ ನಿಭಾಯಿಸುವ ಭಾಗ ಇನ್ನೋಡಿಬಿ. ಅದು ಡೇಟಾ ಇಟ್ಟುಕೊಳ್ಳುವ ಮೆಮೊರಿ, ಅಂದರೆ ಬಫರ್ ಪೂಲ್, ಮೊದಲಿನಿಂದ ಇರುವ 128 ಎಂಬಿಯಲ್ಲೇ ಇತ್ತು, 1 ಜಿಬಿಗೆ ಏರಿಸಿದೆ. ಏನೂ ಬದಲಾಗಲಿಲ್ಲ. ರ‍್ಯಾಮ್ ಪರೀಕ್ಷೆಯೂ ಪಾಸ್. ಮೆಮೊರಿ ಸಾಲದೆ ಲಿನಕ್ಸ್‌ನ ತಿರುಳಾದ ಕರ್ನಲ್ ಯಾವ ಪ್ರೋಗ್ರಾಮನ್ನೂ ಕೊಂದಿಲ್ಲ.

ಆಮೇಲೆ ಒಂದು ಉಪಾಯ ಫಲಿಸಿತು. ನಿಂತ ಮೇಲೆ ಒಳಗೆ ಹೋಗಲು ಆಗುವುದಿಲ್ಲ ಅಲ್ವಾ? ಅದಕ್ಕೆ ಎರಡೂ ಯಂತ್ರಕ್ಕೆ ಮೊದಲೇ ಲಾಗಿನ್ ಆಗಿ, ಯಾವ ಕೆಲಸ ನಡೆಯುತ್ತಿದೆ ಎಂದು ತೋರಿಸುವ ಟಾಪ್ ಓಡಿಸಿಟ್ಟು ಕಾದು ಕೂತೆ. ಒಂಬತ್ತೂವರೆಗೆ ನಿಂತಿತು. ವೆಬ್ ಸರ್ವರಿನ ಲೋಡ್ ಆವರೇಜ್ 38! ಆದರೆ ಸಿಪಿಯುಗೆ ಕೆಲಸವೇ ಇಲ್ಲ.

ಇದು ಗೊತ್ತಿಲ್ಲದೆ ಎಷ್ಟೋ ಜನ ದಾರಿ ತಪ್ಪುತ್ತಾರೆ. ಲಿನಕ್ಸ್‌ನಲ್ಲಿ ಲೋಡ್ ಆವರೇಜ್ ಎಂದರೆ ಬರೀ ದುಡಿಯುತ್ತಿರುವ ಕೆಲಸಗಳ ಲೆಕ್ಕವಲ್ಲ. ಡಿಸ್ಕ್‌ಗೋ ನೆಟ್‌ವರ್ಕ್ ಫೈಲಿಗೋ ಕಾಯುತ್ತಾ ಅಲ್ಲಾಡದೆ ನಿಂತವೂ ಅದರಲ್ಲಿ ಸೇರುತ್ತವೆ. ಕೆಲಸಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ ಅಂಥವಕ್ಕೆ 'ಡಿ' ಎಂಬ ಗುರುತು. ಲೋಡ್ ಜಾಸ್ತಿ, ಸಿಪಿಯು ಖಾಲಿ ಎಂದಾದರೆ ಇವು ಯಾವುದಕ್ಕೆ ಕಾಯುತ್ತಿವೆ ಎಂದು ಹುಡುಕಬೇಕು. ಹೆಚ್ಚು ರ‍್ಯಾಮ್ ಹಾಕಿ ಉಪಯೋಗವಿಲ್ಲ.

ನಮ್ಮಲ್ಲಿ ಪಿಎಚ್‌ಪಿಯ ಅಷ್ಟೂ ಕೆಲಸಗಳು ಡಿ. ಡೇಟಾಬೇಸ್ ಯಂತ್ರದಲ್ಲಿ ಡಿಎಫ್ ಎಂಬ ಕಮಾಂಡ್ ಸಾಲುಗಟ್ಟಿ ನಿಂತಿದೆ, ಅದೂ ಡಿ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನಿಮಿಷಕ್ಕೊಮ್ಮೆ ನೋಡಲು ನಾನೇ ಹಾಕಿದ ಸ್ಕ್ರಿಪ್ಟ್ ಅದು. ಲಾಗಿನ್ ಆದಾಗ ಸ್ವಾಗತದ ಜೊತೆ ಜಾಗದ ಲೆಕ್ಕ ತೋರಿಸುವುದೂ ಅದೇ ಡಿಎಫ್. ಪಾಸ್‌ವರ್ಡ್ ಆದಮೇಲೆ ಏಕೆ ನಿಲ್ಲುತ್ತಿತ್ತು ಎಂಬುದು ಅಲ್ಲಿಗೆ ತಿಳಿಯಿತು. ಕರ್ನಲ್ ಲಾಗ್‌ನಲ್ಲೂ ಬರೆದಿತ್ತು: ಎನ್‌ಎಫ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ. ನಾಸ್‌ನ ಫೈಲ್‌ಗಳು ನೆಟ್‌ವರ್ಕ್ ಮೂಲಕ ಬರುವ ವಿಧಾನವೇ ಎನ್‌ಎಫ್‌ಎಸ್.

ಎರಡೂ ಯಂತ್ರಕ್ಕೆ ನಾಸ್ ಮೌಂಟ್ ಆಗಿದೆ, ಅಂದರೆ ಅವುಗಳದೇ ಡಿಸ್ಕಿನಂತೆ ಸೇರಿಕೊಂಡಿದೆ. ಒಂದಕ್ಕೆ ಚಿತ್ರ ಓದಲು, ಇನ್ನೊಂದಕ್ಕೆ ಬ್ಯಾಕಪ್ ಬರೆಯಲು.

ಜೂನ್ 18

ಒಂದು ಪ್ರಶ್ನೆ ಉಳಿದಿತ್ತು. ಮಾರಿಯಾಡಿಬಿಯ ಫೈಲ್‌ಗಳು ಅದರದೇ ಎಸ್‌ಎಸ್‌ಡಿಯಲ್ಲಿವೆ. ಅದೇಕೆ ನಿಲ್ಲಬೇಕು? ನೋಡಿದರೆ ಅದು ನಿಂತೇ ಇರಲಿಲ್ಲ. ಪುಟ ತೆರೆದಾಗ ನನ್ನ ಕೋಡ್ ಮೊದಲು ಎಷ್ಟು ಜನ ಓದಿದರು ಎಂಬ ಸಂಖ್ಯೆಯನ್ನು ಒಂದು ಹೆಚ್ಚಿಸುತ್ತದೆ, ಆಮೇಲೆ ಚಿತ್ರ ಓದುತ್ತದೆ, ಕೊನೆಗೆ ಕಮಿಟ್, ಅಂದರೆ ಸಂಖ್ಯೆಯ ಬದಲಾವಣೆಯನ್ನು ಖಾಯಂ ಮಾಡುವುದು. ಚಿತ್ರಕ್ಕಾಗಿ ಕಾಯುವಷ್ಟು ಹೊತ್ತೂ ಡೇಟಾಬೇಸಿನಲ್ಲಿ ಆ ಸಂಖ್ಯೆಯಿರುವ ಸಾಲಿಗೆ ಬೀಗ. ಅದೇ ಸಂಚಿಕೆ ತೆರೆದ ಉಳಿದವರೆಲ್ಲ ಬೀಗದ ಮುಂದೆ ಸಾಲು ನಿಂತು, ಇನ್ನೋಡಿಬಿ ಕಾಯುವ 50 ಸೆಕೆಂಡ್ ಮುಗಿದೊಡನೆ ದೋಷ ಪಡೆಯುತ್ತಿದ್ದರು. ಈಗ ಮೊದಲು ಕಮಿಟ್, ಆಮೇಲೆ ಚಿತ್ರ.

ಜೂನ್ 21

ನಾಸ್‌ನ ಡಿಸ್ಕ್ ಗಟ್ಟಿಯಾಗಿದೆ. ಓದಲಾಗದ ಸೆಕ್ಟರ್ ಸೊನ್ನೆ. ಆದರೆ ನೆಟ್‌ವರ್ಕ್ ಸ್ಥಿತಿ ತೋರಿಸುವ ಎತ್‌ಟೂಲ್‌ನಲ್ಲಿ ನೋಡಿದರೆ ಅದರ ವೇಗ ಸೆಕೆಂಡಿಗೆ 1000 ಮೆಗಾಬಿಟ್ (ಒಂದು ಗಿಗಾಬಿಟ್) ಇರಬೇಕಾದಲ್ಲಿ 100. ಲಾಗ್ ತುಂಬ ಲಿಂಕ್ ಡೌನ್, ಲಿಂಕ್ ಅಪ್. ಗಿಗಾಬಿಟ್‌ಗೆ ಕೇಬಲಿನ ಎಂಟೂ ಎಳೆ ಬೇಕು. 100ಕ್ಕೆ ನಾಲ್ಕು ಸಾಕು. ಅಂದರೆ ಎಲ್ಲೋ ಎಳೆಯೊಂದು ಸರಿಯಾಗಿ ತಾಗುತ್ತಿಲ್ಲ.

ಒಳಕೋಣೆಯಿಂದ ಹಾಲ್‌ಗೆ ಕೇಬಲ್ ಕಿಟಕಿಯ ಹೊರಗಿನಿಂದ ಸುತ್ತಿ ಬರುತ್ತದೆ. ಮೇಷ್ಟ್ರು ಟಾರ್ಚ್ ಹಿಡಿದರು, ನಾನು ನಾಸ್‌ನಿಂದ ಕೇಬಲ್ ಬಿಚ್ಚಿದೆ. ಕನೆಕ್ಟರ್ ಒಳಗೆ ಹಸಿರು!

"ಇದು ಕಿಲುಬು ಮಾರಾಯ," ಎಂದರು ಮೇಷ್ಟ್ರು. "ಹಿತ್ತಾಳೆ ಚೊಂಬಿಗೆ ಹಿಡಿಯುವುದೂ ಇದೇ."

"ಹೌದು ಮೇಷ್ಟ್ರೇ. ಇದೂ ತಾಮ್ರವೇ ಅಲ್ವಾ."

ಮುಂಬೈ ಮಳೆ ಶುರುವಾದ ವಾರದಿಂದಲೇ ಏಕೆ ಈ ಕಾಟ ಎಂಬುದಕ್ಕೂ ಉತ್ತರ ಸಿಕ್ಕಿತು. ಕಿಟಕಿಯ ಮೇಲಿಂದ ಕೆಳಕ್ಕೆ ಇಳಿಜಾರಾಗಿ ಒಳಬರುವ ಕೇಬಲ್ ಗುಂಟ ನೀರು ಇಳಿದು ನೇರ ಕನೆಕ್ಟರಿಗೇ ಬರುತ್ತಿತ್ತು.

ಜೂನ್ 22

ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನಿಂದ ಹೊರಾಂಗಣದ ಕೇಬಲ್ ಮತ್ತು ಕನೆಕ್ಟರ್ ತಂದೆ. ಒಳಬರುವ ಮೊದಲು ಕೇಬಲ್ ಕಿಟಕಿಗಿಂತ ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಕಟ್ಟಿದೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವೇಗ ಮತ್ತೆ 1000.

ಕೇಬಲ್ ಇನ್ನೊಮ್ಮೆ ಕೆಡಬಹುದು. ಹಾಗಾದರೂ ಎಲ್ಲ ನಿಲ್ಲಬಾರದು. ಎನ್‌ಎಫ್‌ಎಸ್ ತಾನಾಗಿ ಹಾರ್ಡ್ ಮೌಂಟ್ ಆಗುತ್ತದೆ, ಅಂದರೆ ಉತ್ತರ ಬರುವ ತನಕ ಕೊನೆಯಿಲ್ಲದೆ ಕಾಯುತ್ತದೆ. ವೆಬ್ ಸರ್ವರಿನಲ್ಲಿ ಚಿತ್ರ ಓದುವುದಷ್ಟೇ ಕೆಲಸ. ಅಲ್ಲಿ ಬರೆಯುವ ಅನುಮತಿ ತೆಗೆದು, ಸಾಫ್ಟ್ (ಸ್ವಲ್ಪ ಹೊತ್ತು ಕಾದು ದೋಷ ಕೊಟ್ಟು ಬಿಡುವಂತೆ) ಮಾಡಿ, ಕಾಯುವ ಹೊತ್ತು ಇಳಿಸಿದೆ. ಬರೆಯುವ ಕಡೆ ಮಾತ್ರ ಸಾಫ್ಟ್ ಹಾಕಬೇಡಿ, ಅರ್ಧ ಬರೆದ ಫೈಲ್ ಉಳಿದೀತು. ಡೇಟಾಬೇಸ್ ಯಂತ್ರದಿಂದ ಮೌಂಟನ್ನೇ ತೆಗೆದೆ. ಬ್ಯಾಕಪ್ ಈಗ ಫೈಲ್ ನಕಲಿಸುವ ಆರ್‌ಸಿಂಕ್‌ನಲ್ಲಿ ಹೋಗುತ್ತದೆ. ಡಿಎಫ್‌ಗೆ ಆಯಾ ಯಂತ್ರದ ಡಿಸ್ಕ್ ಮಾತ್ರ ನೋಡು ಎಂದು ಹೇಳಿದೆ.

ಬೇಕೆಂದೇ ನಾಸ್‌ನ ಕೇಬಲ್ ಕಿತ್ತು ನೋಡಿದೆ. ಚಿತ್ರವಿರುವ ಜಾಗ ಖಾಲಿ ಬಂತು. ಹುಡುಕಾಟ, ಪಟ್ಟಿ, ಲಾಗಿನ್ ಎಲ್ಲ ನಡೆಯಿತು. ಆ ಖುಷಿಗೆ ಮೇಷ್ಟ್ರಿಗೂ ನನಗೂ ಕೆಳಗಿನ ಹೋಟೆಲಿನಿಂದ ಎರಡು ಕಾಫಿ.

ಜೂನ್ 29

ವಾರವಿಡೀ ಜಡಿಮಳೆ. ಒಂದು ಸಲವೂ ನಿಂತಿಲ್ಲ. ಇವತ್ತು 1962ರ ಸಂಚಿಕೆಯ 22 ಪುಟ ಏರಿಸಿದೆ. ಉಳಿದ 40 ಪುಟದ ಅಂಚು ಮುರಿಯುತ್ತಿದೆ, ಗಾಜಿನ ಹಲಗೆ ಇಟ್ಟು ಮುಂದಿನ ಶನಿವಾರ ಸ್ಕ್ಯಾನ್ ಮಾಡುತ್ತೇವೆ.