ಕೆಸುವಿನ ಗದ್ದೆಯ ಶ್ರುತಿ

ನಮ್ಮ ಗಿಟಾರ್ ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು. 46 ವರ್ಷ. ನನ್ನ ನಂತರದ ಹಿರಿಯ ಯಾರು ಅಂದರೆ ಸೆಕೆಂಡ್ ಪಿಯುಸಿ ಹುಡುಗ. ಮಂಗಳೂರಿನ ಕಂಕನಾಡಿಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ, ಶನಿವಾರ ಸಂಜೆ ಐದಕ್ಕೆ ಕ್ಲಾಸ್. ಮಕ್ಕಳು ನನ್ನನ್ನು ಆಂಟಿ ಅನ್ನುತ್ತಾರೆ, ಸರ್ ಮೇಡಂ ಅನ್ನುತ್ತಾರೆ. ಸರ್ ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ತಪ್ಪು ನುಡಿಸಿದರೆ ನನಗೆ ಕೈ ಬೆವರುತ್ತದೆ.

ವರ್ಷಕ್ಕೊಮ್ಮೆ ಎಲ್ಲರೂ ಮನೆಯವರ ಎದುರು ಒಂದೊಂದು ಪೀಸ್ ನುಡಿಸಬೇಕು. ಈ ವರ್ಷ ನವರಾತ್ರಿ ಮುಗಿದ ಮೇಲಿನ ಭಾನುವಾರ. ಸಿಲಬಸ್‌ನದ್ದು ಬೇಡ, ಸಿನಿಮಾ ಹಾಡು ಬೇಡ, ಐದು ನಿಮಿಷ ದಾಟಬಾರದು. ಇಷ್ಟೇ ನಿಯಮ. ಸಿನಿಮಾ ಹಾಡು ಬೇಡ ಅಂದ ಕೂಡಲೇ ನನ್ನ ಬಂಡವಾಳ ಮುಗಿಯಿತು ಅನ್ನಿ.

ಜುಲೈಯಲ್ಲಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಹೊರಗೆ ಜಡಿಮಳೆ. ಇಯರ್‌ಫೋನ್ ಹಾಕಿ ಮೊಬೈಲಿನಲ್ಲಿ ಒಂದರ ನಂತರ ಒಂದು ಗಿಟಾರ್ ವಿಡಿಯೊ ನೋಡುತ್ತಾ ಇದ್ದೆ. ಎಲ್ಲಿಂದಲೋ ಒಂದು ಬಂತು. ಬಣ್ಣದ ಹೂವಿನ ಶರ್ಟ್ ಹಾಕಿದ ಒಬ್ಬರು ಅಜ್ಜ, ಪ್ಲಾಸ್ಟಿಕ್ ಕುರ್ಚಿ, ಒಂದು ಗಿಟಾರ್. ಆದರೆ ಕೇಳಿಸುತ್ತಿದ್ದದ್ದು ಎರಡು. ಇನ್ನೊಬ್ಬ ಕ್ಯಾಮೆರಾದ ಹೊರಗೆ ಕೂತಿರಬೇಕು ಅಂದುಕೊಂಡೆ. ಮೂರನೇ ಸಲ ನೋಡುವಾಗ ಗೊತ್ತಾಯಿತು, ಅವರ ಹೆಬ್ಬೆರಳು ಒಬ್ಬ ಮನುಷ್ಯ, ಉಳಿದ ಬೆರಳುಗಳು ಇನ್ನೊಬ್ಬ. ಹೆಬ್ಬೆರಳು ಕೆಳಸ್ಥಾಯಿಯ ತಂತಿಗಳ ಮೇಲೆ ನಿಲ್ಲಿಸದೆ ನಡೆಯುತ್ತಾ ಇರುತ್ತದೆ. ಮೇಲೆ ರಾಗ ತನ್ನ ಪಾಡಿಗೆ ಓಡಾಡುತ್ತದೆ. ಹವಾಯಿಯ ಸ್ಲ್ಯಾಕ್ ಕೀ ಗಿಟಾರ್ ಅಂದರೆ ಇದು. ಅವರ ಭಾಷೆಯಲ್ಲಿ ಕೀ ಹೋಅಲು. ತಂತಿ ಬಿಗಿಯುವ ಬಿರಡೆಯನ್ನು ಸಡಿಲ ಮಾಡುವುದು ಅಂತ ಅರ್ಥ.

ಮರುದಿನ ಮಾವನಿಗೆ ಹೇಳಿದೆ. ಮಾವ ಆಕಾಶವಾಣಿ ಕೇಳಿ ಬೆಳೆದವರು. "ಹವಾಯನ್ ಗಿಟಾರಾ? ಗೊತ್ತುಂಟು ಮಾರಾಯ್ತಿ, ಮಡಿಲಲ್ಲಿ ಮಲಗಿಸಿ ಉಕ್ಕಿನ ತುಂಡು ಜಾರಿಸುವುದು" ಅಂದರು. ಕಪಾಟಿನಿಂದ, ಆ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತಿದ್ದ ಬ್ರಿಜ್‌ಭೂಷಣ್ ಕಾಬ್ರಾ ಅವರ ಕ್ಯಾಸೆಟ್ಟನ್ನೂ ತೆಗೆದು ತೋರಿಸಿದರು. ತಂತಿ ತೆಗೆದುಕೊಳ್ಳಲು ಹೋದ ಅಂಗಡಿಯಲ್ಲೂ ಇದೇ ಕಥೆ. "ಹವಾಯನ್ ಅಂದ್ರೆ ಸ್ಟೀಲ್ ಬಾರ್ ಬೇಕಲ್ವಾ ಮೇಡಂ?"

ಅವರದ್ದು ತಪ್ಪಲ್ಲ. ಆ ಸ್ಟೀಲ್ ಗಿಟಾರ್ ಕೂಡ ಹವಾಯಿಯದ್ದೇ. ಟಾವು ಮೋಯೆ ಎಂಬ ಕಲಾವಿದರು 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ನೆಲೆಸಿ ಅದನ್ನು ಕಲಿಸಿದ್ದರು. ಮುಂದೆ ಹಿಂದಿ ಹಾಡಿಗೂ ಹಿಂದೂಸ್ತಾನಿ ಕಛೇರಿಗೂ ಅದು ಹೊಂದಿಕೊಂಡಿತು. ಹಾಗಾಗಿ ನಮ್ಮಲ್ಲಿ ಹವಾಯನ್ ಗಿಟಾರ್ ಅಂದರೆ ಅದೊಂದೇ. ಸ್ಲ್ಯಾಕ್ ಕೀ ಅದಕ್ಕಿಂತ ಹಳೆಯದು, ಆದರೆ ಮನೆಯ ಜಗಲಿ ಬಿಟ್ಟು ಹೊರಗೆ ಜಾಸ್ತಿ ಬರಲಿಲ್ಲ.

ಅದು ಹುಟ್ಟಿದ ಕಥೆ ಶುರುವಾಗುವುದು ದನಗಳಿಂದ. 1793ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಕ್ಯಾಪ್ಟನ್ ವ್ಯಾಂಕೂವರ್ ಅಲ್ಲಿನ ರಾಜ ಕಮೆಹಮೆಹನಿಗೆ ಕೆಲವು ದನ ತಂದುಕೊಟ್ಟ. ಅವನ್ನು ಕೊಲ್ಲಬಾರದೆಂದು ರಾಜ ಅಪ್ಪಣೆ ಮಾಡಿದ. ಬೇಲಿ ಇಲ್ಲ, ಕೊಲ್ಲುವ ಹಾಗಿಲ್ಲ, ಕೇಳಬೇಕಾ? ದನಗಳು ಕಾಡುಪಾಲಾಗಿ ಸಿಕ್ಕಾಪಟ್ಟೆ ಹೆಚ್ಚಿದವು. ಅವನ್ನು ಹಿಡಿದು ಪಳಗಿಸುವುದನ್ನು ಕಲಿಸಲು 1830ರ ದಶಕದಲ್ಲಿ ಮೆಕ್ಸಿಕೊ ಕಡೆಯ ದನಗಾಹಿಗಳನ್ನು ಕರೆಸಿದರು. ಅವರ ಜೊತೆ ಗಿಟಾರ್ ಬಂತು. ಅವರು ವಾಪಸ್ ಹೋದರು, ಗಿಟಾರ್ ಉಳಿಯಿತು. ಅಲ್ಲಿಯವರು ತಮ್ಮ ಹಾಡಿಗೆ, ತಮ್ಮ ಗಂಟಲಿಗೆ ಸರಿಯಾಗಿ ಬಿರಡೆ ತಿರುಗಿಸಿಕೊಂಡರು. ಒಂದೊಂದು ಮನೆಗೆ ಒಂದೊಂದು ಶ್ರುತಿ. ಅದನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲವಂತೆ. ನಮ್ಮ ದೊಡ್ಡಮ್ಮ ಕೋರಿ ಮಸಾಲೆಗೆ ಏನೇನು ಹಾಕುತ್ತಾರೆ ಅಂತ ಕೇಳಿ ನೋಡಿ, ಎಲ್ಲ ಹೇಳಿ ಒಂದನ್ನು ಬಿಡುತ್ತಾರೆ.

ಈ ಶ್ರುತಿಗಳಲ್ಲಿ ಎಲ್ಲರೂ ಬಳಸುವ ಒಂದಿದೆ. ಅದರ ಹೆಸರು ಕೇಳಿಯೇ ನಾನು ಬಿದ್ದದ್ದು. ಟ್ಯಾರೊ ಪ್ಯಾಚ್. ಟ್ಯಾರೊ ಎಂದರೆ ನಮ್ಮ ಕೆಸು. ಕೆಸುವಿನ ಗದ್ದೆ! ಅಲ್ಲಿ ನೀರು ನಿಲ್ಲಿಸಿದ ಗದ್ದೆಯಲ್ಲಿ ಬೆಳೆಯುತ್ತಾರೆ, ಗಡ್ಡೆ ಬೇಯಿಸಿ ಜಜ್ಜಿ ತಿನ್ನುತ್ತಾರೆ. ನಾನು ಇದನ್ನು ಓದಿದ್ದು ಆಟಿ ತಿಂಗಳಲ್ಲಿ. ಅಡುಗೆಮನೆಯಲ್ಲಿ ಅಮ್ಮ ಮರಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಪತ್ರೊಡೆ ಸುತ್ತುತ್ತಾ ಕೂತಿದ್ದರು. ಓಡಿ ಹೋಗಿ ಹೇಳಿದೆ. "ಗಿಟಾರಿಗೂ ಕೆಸುವಾ? ತುರಿಸುವುದಿಲ್ಲವಾ ಹಾಗಾದರೆ?" ಅಂದರು. ಹುಳಿ ಜಾಸ್ತಿ ಹಾಕಿದರೆ ತುರಿಸುವುದಿಲ್ಲ ಅಂತ ಅವರೇ ಉತ್ತರ ಕೊಟ್ಟುಕೊಂಡರು.

ಶ್ರುತಿ ಮಾಡುವುದು ಸುಲಭ. ಆರನೇ ತಂತಿ ಇ ಸ್ವರದಲ್ಲಿ ಇರುವುದನ್ನು ಡಿಗೆ ಇಳಿಸಬೇಕು. ಐದನೆಯದನ್ನು ಎಯಿಂದ ಜಿಗೆ. ಒಂದನೆಯದನ್ನು ಮತ್ತೆ ಇಯಿಂದ ಡಿಗೆ. ನಡುವಿನ ಮೂರು ಇದ್ದ ಹಾಗೇ ಇರಲಿ. ಆಗ ಡಿ ಜಿ ಡಿ ಜಿ ಬಿ ಡಿ. ಎಡಗೈಯಿಂದ ಏನೂ ಒತ್ತದೆ ಸುಮ್ನೆ ಒಂದು ಸಲ ಸವರಿದರೆ ಜಿ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ಹೊಂದುವ ಸ್ವರಗಳ ಗುಂಪು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತ ಅಮ್ಮ ಒಳಗಿನಿಂದಲೇ, "ತಂಬೂರಿ ಹಾಗೆ ಉಂಟಲ್ಲ ಇದು" ಅಂದರು. ಲೆಕ್ಕ ಹಾಕಿದೆ. ಜಿ ಷಡ್ಜ ಅಂತ ಇಟ್ಟುಕೊಂಡರೆ ಪ ಸ ಪ ಸ ಗ ಪ. ಅಮ್ಮನ ಕಿವಿ ಈಗಲೂ ಚುರುಕು.

ಶನಿವಾರ ಸರ್‌ಗೆ ತೋರಿಸಿದೆ. ಅವರು ಗಿಟಾರ್ ತೆಗೆದುಕೊಂಡು ಅಭ್ಯಾಸಬಲದಿಂದ ಸಿ ಕಾರ್ಡ್ ಹಿಡಿದರು. ಬೆಕ್ಕಿನ ಬಾಲ ತುಳಿದ ಹಾಗೆ ಸದ್ದು ಬಂತು. ಮಕ್ಕಳೆಲ್ಲ ನಕ್ಕರು. ಸರ್ ಎಡಗೈ ತೆಗೆದು ಖಾಲಿ ತಂತಿ ಸವರಿದರು. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ತಲೆ ಬಾಗಿಸಿ ಕೇಳಿದರು. ಆಮೇಲೆ, "ಸರಿ, ಇದರಲ್ಲಿ ಏನು ನುಡಿಸ್ತೀರಿ?" ಎಂದು ಕೇಳಿದರು.

ಅದೇ ಸಮಸ್ಯೆ.

ಸರ್ ಹೇಳಿದ್ದು ಅಲೋಹಾ ಓಎ. ರಾಣಿ ಲಿಲಿಯುಓಕಲಾನಿ 1878ರಲ್ಲಿ ಬರೆದ ಬೀಳ್ಕೊಡುಗೆ ಹಾಡು. ಹವಾಯಿ ಎಂದರೆ ಜಗತ್ತಿಗೇ ಗೊತ್ತಿರುವುದು ಅದೇ. ರಾಗ ಚೆಂದ. ಆದರೆ ಎಲ್ಲರಿಗೂ ಗೊತ್ತಿರುವ ರಾಗದಲ್ಲಿ ಒಂದು ಸ್ವರ ಜಾರಿದರೂ ಹಿಂದಿನ ಸಾಲಿನ ಅಜ್ಜಿಗೂ ತಿಳಿಯುತ್ತದೆ. ಇನ್ನೊಂದು ಕಾರಣ, ಆ ರಾಣಿಯನ್ನು 1893ರಲ್ಲಿ ಗದ್ದುಗೆಯಿಂದ ಇಳಿಸಿದರು, ಎರಡು ವರ್ಷದ ನಂತರ ಅವಳದೇ ಅರಮನೆಯಲ್ಲಿ ಕೂಡಿಹಾಕಿದರು. ಇದನ್ನು ಓದಿದ ಮೇಲೆ ಆ ಹಾಡನ್ನು ಹೋಟೆಲ್ ಲಾಬಿಯ ಸಂಗೀತದ ಹಾಗೆ ನುಡಿಸಲು ಮನಸ್ಸು ಬರಲಿಲ್ಲ. ಬೇರೆ ತರ ನುಡಿಸುವಷ್ಟು ಕೈ ನನಗಿಲ್ಲ.

ನನಗೆ ನಿಜಕ್ಕೂ ಬೇಕಿದ್ದದ್ದು ಹಿಇಲಾವೆ. ಗ್ಯಾಬಿ ಪಾಹಿನುಇ ಹಾಡಿದ್ದು. 1940ರ ದಶಕದಲ್ಲಿ ಅವರು ಅದನ್ನು ರೆಕಾರ್ಡ್ ಮಾಡಿದ ಮೇಲೆಯೇ ಸ್ಲ್ಯಾಕ್ ಕೀ ಜಗಲಿಯಿಂದ ಇಳಿದು ಗ್ರಾಮಫೋನ್ ತಟ್ಟೆಗಳಿಗೆ ಬಂದದ್ದು. ದೊಡ್ಡ ಕಲಾವಿದ, ಆದರೂ ಹೊಟ್ಟೆಪಾಡಿಗೆ ಹೊನೊಲುಲುವಿನಲ್ಲಿ ರಸ್ತೆ ಕೆಲಸ ಮಾಡುತ್ತಿದ್ದರು. ಹಿಇಲಾವೆ ಒಂದು ಜಲಪಾತದ ಹೆಸರು, ವೈಪಿಓ ಕಣಿವೆಯಲ್ಲಿದೆ. ಹಾಡಿನಲ್ಲಿ ಒಂದು ಗುಟ್ಟಿನ ಪ್ರೀತಿ. ಕಣಿವೆ ತುಂಬ ಹಕ್ಕಿಗಳು ಗಲಗಲ ಮಾತಾಡುತ್ತವೆ, ಅವುಗಳ ಬಾಯಿಯಿಂದ ನಾನು ತಪ್ಪಿಸಿಕೊಂಡೆ ಅನ್ನುತ್ತಾಳೆ ಹಾಡಿನ ಹೆಣ್ಣು. ಹಕ್ಕಿ ಎಂದರೆ ಊರಿನ ಜನ! ನಮ್ಮ ಓಣಿಗೂ ಸರಿಹೋಗುತ್ತದೆ.

ಎರಡು ವಾರ ಅದರ ಹಿಂದೆ ಬಿದ್ದೆ. ಬೆರಳು ಹೇಗೋ ಬಂದೀತು. ಆದರೆ ಅದು ಹಾಡು, ಹಾಡದಿದ್ದರೆ ಅರ್ಧವೇ. ಗ್ಯಾಬಿ ಆ ಸಣ್ಣ ದನಿಗೆ ಜಿಗಿಯುವಾಗ ಮೈ ಜುಮ್ಮೆನ್ನುತ್ತದೆ. ನಾನು ಬಚ್ಚಲಲ್ಲಿ ಪ್ರಯತ್ನಿಸಿದೆ. ಮಗ ಬಾಗಿಲು ಬಡಿದು "ಅಮ್ಮಾ, ಬಿದ್ದೆಯಾ?" ಅಂತ ಕೇಳಿದ. ಅದಕ್ಕಿಂತ ಹೆಚ್ಚಾಗಿ, ಆ ಭಾಷೆಯ ಒಂದು ಪದವೂ ನನ್ನ ನಾಲಿಗೆಗೆ ಸೇರಿದ್ದಲ್ಲ. ತುಳು ಗೊತ್ತಿಲ್ಲದವರು ಪಾಡ್ದನ ಬಾಯಿಪಾಠ ಮಾಡಿ ಹೇಳಿದರೆ ನನಗೆ ಹೇಗೆ ಕೇಳಿಸುತ್ತದೆ ಅಂತ ಯೋಚಿಸಿದೆ. ಬಿಟ್ಟೆ. ಬೇಜಾರಿನಿಂದಲೇ ಬಿಟ್ಟೆ.

ಕೊನೆಗೆ ಸಿಕ್ಕಿದ್ದು ಓಪಿಹಿ ಮೋಎಮೋಎ. ಲಿಯೊನಾರ್ಡ್ ಕ್ವಾನ್ ಎಂಬ ಸ್ಲ್ಯಾಕ್ ಕೀ ಕಲಾವಿದರು ಮಾಡಿದ್ದು. ಮಾತಿಲ್ಲ, ಬರೀ ಗಿಟಾರ್, ಅದೂ ಕೆಸುವಿನ ಗದ್ದೆಯಲ್ಲೇ. ಹೆಸರಿನ ಅರ್ಥ ಮಲಗಿರುವ ಓಪಿಹಿ. ಓಪಿಹಿ ಎಂದರೆ ಕಡಲ ಬಂಡೆಗೆ ಟೋಪಿಯ ಹಾಗೆ ಕವುಚಿ ಕೂರುವ ಒಂದು ಚಿಪ್ಪಿನ ಜೀವ. ಅಲೆ ಬಡಿಯುವಲ್ಲೇ ಇರುತ್ತದೆ. ಒಂದೇ ಏಟಿಗೆ ಎಬ್ಬಿಸಬೇಕು, ತಪ್ಪಿದರೆ ಬಂಡೆಯನ್ನು ಕಚ್ಚಿ ಹಿಡಿದುಬಿಡುತ್ತದೆ. ಅದನ್ನು ತೆಗೆಯಲು ಹೋಗಿ ಅಲೆಗೆ ಸಿಕ್ಕಿ ಸತ್ತವರು ಎಷ್ಟೋ ಜನ. ಹಾಗಾಗಿ ಹವಾಯಿಯವರು ಅದನ್ನು ಸಾವಿನ ಮೀನು ಅನ್ನುತ್ತಾರೆ.

ಇದನ್ನು ಓದುವಾಗ ನನಗೆ ಸೋಮೇಶ್ವರದ ಬಂಡೆಗಳೇ ಕಣ್ಣ ಮುಂದೆ. ಆರನೇ ಕ್ಲಾಸಿನ ರಜೆಯಲ್ಲಿ ಮಾವ ಅಲ್ಲಿಗೆ ಪಚ್ಚಿಲೆ ಎಂಬ ಚಿಪ್ಪು ಕೀಳಲು ಕರೆದುಕೊಂಡು ಹೋಗುತ್ತಿದ್ದರು. ನೀರು ಇಳಿದ ಹೊತ್ತು, ಕೈಯಲ್ಲಿ ಒಂದು ಕಬ್ಬಿಣದ ಪಟ್ಟಿ, ಸೊಂಟಕ್ಕೆ ಚೀಲ. ಪಚ್ಚಿಲೆ ಬೇರೆ ಜಾತಿ, ನಾರಿನಿಂದ ಬಂಡೆಗೆ ಅಂಟಿಕೊಂಡಿರುತ್ತದೆ. ಕಿತ್ತಾಗ ಚರ್ ಅಂತ ಒಂದು ಸದ್ದು. "ಕಡಲಿಗೆ ಬೆನ್ನು ಹಾಕಬೇಡ" ಎಂದು ಮಾವ ಎರಡು ನಿಮಿಷಕ್ಕೊಮ್ಮೆ ಹೇಳುತ್ತಿದ್ದರು. ಅವರ ಕೈ ಬಂಡೆಯ ಮೇಲೆ, ಕಣ್ಣು ಮಾತ್ರ ಅಲೆಯ ಮೇಲೆ. ಸ್ಲ್ಯಾಕ್ ಕೀ ಕಲಿಯಲು ಕೂತಾಗ ನನಗೆ ಬೇಕಾದದ್ದೂ ಅದೇ. ಒಂದು ಕೆಲಸ ನೋಡದೆ ಮಾಡಬೇಕು, ಇನ್ನೊಂದನ್ನು ನೋಡಿ ಮಾಡಬೇಕು.

ನೋಡದೆ ಮಾಡುವುದು ಹೆಬ್ಬೆರಳಿನ ಕೆಲಸ. ಜಿ ಕಾರ್ಡ್ ಇರುವಲ್ಲಿ ಐದನೇ ತಂತಿ, ನಾಲ್ಕನೇ ತಂತಿ, ಐದು, ನಾಲ್ಕು. ಡಿ ಸೆವೆನ್ ಕಾರ್ಡ್‌ಗೆ ಹೋದಾಗ ಆರು, ನಾಲ್ಕು. ಇಷ್ಟೇ. ಆದರೆ ಮೇಲಿನ ಬೆರಳು ಸ್ವಲ್ಪ ಆಚೀಚೆ ಹೋದರೆ ಹೆಬ್ಬೆರಳೂ ಅದರ ಹಿಂದೆ ಓಡುತ್ತದೆ. ಮಗ ಒಂದು ಉಪಾಯ ಹೇಳಿದ. ಹೆಬ್ಬೆರಳು ನಡೆಯುತ್ತಿರುವಾಗ ಬಸ್ಸಿನ ಕಂಡಕ್ಟರ್ ಹಾಗೆ ಸ್ಟಾಪ್ ಕೂಗಬೇಕು, ತಾಳಕ್ಕೆ ಸರಿಯಾಗಿ ಅಲ್ಲ, ಬಾಯಿಗೆ ಬಂದ ಹಾಗೆ. ಬಿಜೈ, ಲಾಲ್‌ಬಾಗ್, ಬಲ್ಲಾಳ್‌ಬಾಗ್, ಪಿವಿಎಸ್, ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್. ಮೊದಲ ವಾರ ಲಾಲ್‌ಬಾಗ್ ದಾಟಲಿಲ್ಲ. ಈಗ ಸ್ಟೇಟ್‌ಬ್ಯಾಂಕ್ ತಲುಪಿ ವಾಪಸ್ ಬರುತ್ತೇನೆ. ಪಕ್ಕದ ಮನೆಯವರು ಏನಂದುಕೊಂಡಿದ್ದಾರೋ.

ಒಂದು ಅನಾಹುತವೂ ಆಯಿತು. ಮನೆಯಲ್ಲಿ ಇರುವುದು ಒಂದೇ ಗಿಟಾರ್. ರಾತ್ರಿ ನಾನು ಇಳಿಸುವುದು, ಬೆಳಿಗ್ಗೆ ಮಗನಿಗಾಗಿ ಏರಿಸುವುದು. ಮಳೆಗಾಲದ ತೇವಕ್ಕೆ ತಂತಿ ಮೊದಲೇ ತುಕ್ಕು ಹಿಡಿದಿತ್ತು. ಮೂರನೇ ವಾರ ಒಂದನೇ ತಂತಿ ಬಿರಡೆಯ ಹತ್ತಿರವೇ ಟಪ್ ಅಂತ ತುಂಡಾಗಿ ಮಣಿಕಟ್ಟಿಗೆ ಬಡಿಯಿತು. ಕೆಂಪು ಗೆರೆ ನಾಲ್ಕು ದಿನ ಇತ್ತು. ಹೊಸದಾಗಿ ಸ್ವಲ್ಪ ದಪ್ಪದ ತಂತಿಗಳ ಸೆಟ್ ಹಾಕಿಸಿದೆ. ಅದರಿಂದ ಇನ್ನೊಂದು ಲಾಭ. ಸಡಿಲ ಮಾಡಿದ ಸಣ್ಣ ತಂತಿ ಗಿಟಾರಿನ ಕುತ್ತಿಗೆಯ ಲೋಹದ ಫ್ರೆಟ್ಟಿಗೆ ತಾಗಿ ಜಿರ್ ಅನ್ನುತ್ತಿತ್ತು, ಈಗ ಇಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಮಗನಿಗೆ ಗಿಟಾರ್ ಇಲ್ಲ.

ಕ್ಲಾಸಿನ ಹುಡುಗರಿಗೆ ನನ್ನ ಆಯ್ಕೆ ಸಪ್ಪೆ. ಪಿಯುಸಿ ಹುಡುಗ ಗಿಟಾರ್ ಡಬ್ಬಿಗೆ ತಬಲದ ಹಾಗೆ ಬಡಿದು ನುಡಿಸುವ ಏನೋ ಒಂದನ್ನು ಕಲಿಯುತ್ತಿದ್ದಾನೆ, ಭಯಂಕರ ಸ್ಪೀಡ್. "ಆಂಟಿ, ನಿಮ್ಮದು ಸ್ಟಾರ್ಟ್ ಆಗುವುದು ಯಾವಾಗ?" ಅಂತ ಕೇಳಿದ. ಆಗಲೇ ಅರ್ಧ ಮುಗಿದಿತ್ತು. ಹವಾಯಿಯವರು ಈ ನಾದಕ್ಕೆ ನಹೆನಹೆ ಅನ್ನುತ್ತಾರೆ. ಮೆತ್ತಗೆ, ಹಿತವಾಗಿ. ಅದನ್ನು ಅವನಿಗೆ ವಿವರಿಸಲು ಹೋದೆ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಹುಲಿವೇಷದ ತಂಡ ಬಂತು. ತಾಸೆಯ ಏಟಿಗೆ ಕಿಟಕಿಯ ಗಾಜು ನಡುಗಿತು. ಎಲ್ಲರೂ ಗಿಟಾರ್ ಬಿಟ್ಟು ಬಾಲ್ಕನಿಗೆ ಓಡಿದರು. ನಾನೂ ಓಡಿದೆ, ಸುಳ್ಳು ಯಾಕೆ ಹೇಳಬೇಕು?

ಸರ್ ಹತ್ತಿರ ಎರಡು ವಿಷಯ ಕೇಳಿಕೊಂಡಿದ್ದೇನೆ. ಒಂದು, ನನ್ನ ಸರದಿ ಚಾ ಬಿಟ್ಟ ಕೂಡಲೇ ಇರಲಿ. ಎಲ್ಲರ ಎದುರು ಬಿರಡೆ ತಿರುಗಿಸುತ್ತಾ ಕೂರುವ ಧೈರ್ಯ ನನಗಿಲ್ಲ. ಚಾ ಕುಡಿಯುವ ಹೊತ್ತಿನಲ್ಲಿ ಮೂಲೆಯಲ್ಲಿ ಶ್ರುತಿ ಸರಿಮಾಡಿಕೊಳ್ಳಬಹುದು. ಎರಡನೆಯದು ಫ್ಯಾನ್. ಆ ಹಾಲಿನ ಫ್ಯಾನುಗಳು ಹೆಲಿಕಾಪ್ಟರ್ ಹಾಗೆ. ನಾನು ನುಡಿಸುವಷ್ಟು ಹೊತ್ತು ಆಫ್ ಮಾಡಬೇಕು. ಸರ್ ಒಪ್ಪಿದರು, "ಮೂರು ನಿಮಿಷ ಮಾತ್ರ ಮೇಡಂ, ಅದಕ್ಕಿಂತ ಜಾಸ್ತಿ ಆದರೆ ಜನ ಎದ್ದು ಹೋಗ್ತಾರೆ" ಅಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡದೆ ಅಟ್ಟದಿಂದ ಅಡಿಕೆ ಹಾಳೆಯ ಬೀಸಣಿಗೆ ತೆಗೆದು, ಧೂಳು ಕೊಡವಿ, ಭಾನುವಾರ ಉಡುವ ಸೀರೆಯ ಮೇಲೆ ಇಟ್ಟಿದ್ದಾರೆ.